ಅಕ್ಕ ಕೂರಬೇಕಾಗಿದ್ದ ಹಿಂದಿನ ಸೀಟು

ಶಾಕ್ ಅಬ್ಸಾರ್ಬರಿನ ಎಣ್ಣೆ ಸೋರಿರಬಹುದು. ಸ್ಪ್ರಿಂಗು ಕಣ್ಣಿಗೆ ಕಾಣದಷ್ಟು ಬಿರುಕು ಬಿಟ್ಟಿರಬಹುದು. ಕೀಲುಗಳ ನಡುವಿನ ರಬ್ಬರ್ ಬುಷ್‌ಗಳು ನಮ್ಮೂರ ಬಿಸಿಲಿಗೆ ಒಣಗಿ ಕಲ್ಲಾಗಿರಬಹುದು. ಪೆಟ್ರೋಲ್ ಬಂಕಿನವನು ಲಾರಿಯ ಅಂದಾಜಿನಲ್ಲಿ ಟಯರಿಗೆ ಗಾಳಿ ತುಂಬಿಸಿರಬಹುದು. ಕಾರಿನ ಕಂಪ್ಯೂಟರಿಗೆ ತಲೆ ಕೆಟ್ಟಿರಬಹುದು, ಅಥವಾ ಅದರ ವಯರನ್ನು ಇಲಿ ಕಡಿದಿರಬಹುದು. ಮುಂಬಯಿಯಲ್ಲಿ ಕಾರು ಮಾರಿದವನು ಇದು ಹೀಗೆ ಧಡ್ ಎಂದು ಎತ್ತಿಹಾಕುತ್ತದೆಂದು ಗೊತ್ತಿದ್ದೇ ಮಾರಿರಬಹುದು. ಗ್ಯಾರೇಜಿನವನು ಒಳ್ಳೆಯ ಸಾಮಾನು ಬಿಚ್ಚಿಟ್ಟುಕೊಂಡು ಯಾವುದೋ ಗುಜರಿ ಗಾಡಿಯದನ್ನು ಹಾಕಿರಬಹುದು. ರಸ್ತೆಯೇ ಹಾಳಾಗಿರಬಹುದು. ಇಲ್ಲವೇ ಕಾರಿಗೆ ಏನೂ ಆಗದೆ, ನಲವತ್ತೈದು ದಾಟಿದ ನನ್ನ ಸೊಂಟವೇ ಹೋಗಿರಬಹುದು.

ಈ ಪಟ್ಟಿಯನ್ನು ನಾನು ಕಚೇರಿಯ ಹಳೆಯ ಫೈಲಿನ ರಟ್ಟಿನ ಮೇಲೆ ಬರೆದಿದ್ದೆ. ಒಂದೊಂದನ್ನೇ ಪರೀಕ್ಷಿಸಿ ಗೀಟು ಹಾಕುತ್ತಾ ಹೋಗುವುದೆಂದು ಯೋಚನೆ. ಮೂರನೆಯ ದಿನಕ್ಕೆ ಒಂದಕ್ಕೂ ಗೀಟು ಬಿದ್ದಿರಲಿಲ್ಲ, ಇನ್ನೂ ನಾಲ್ಕು ಅನುಮಾನಗಳು ಸೇರಿಕೊಂಡಿದ್ದವು.

ಕಾರು ನನ್ನದಲ್ಲ. ಎರಡು ಸಾವಿರದ ಇಸವಿ ದಾಟಿ ಮೂರೋ ನಾಲ್ಕೋ ವರ್ಷವಾಗಿದ್ದ ಕಾಲ. ಗಲ್ಫಿನಲ್ಲಿ ಹೋಟೆಲ್ ಕೆಲಸದಲ್ಲಿದ್ದ ನನ್ನ ಭಾವ, ಅಂದರೆ ಅಕ್ಕನ ಗಂಡ, ಮುಂಬಯಿಯ ಒಬ್ಬ ಸೇಠನ ಕೈಯಿಂದ ಆ ದೊಡ್ಡ ವಿದೇಶೀ ಕಾರನ್ನು ಕೊಂಡು, ಬೆಳ್ತಂಗಡಿಯ ನನ್ನ ಮನೆಯ ಅಂಗಳದಲ್ಲಿ ತಂದು ನಿಲ್ಲಿಸಿ ಮತ್ತೆ ಗಲ್ಫಿಗೆ ಹೋಗಿದ್ದರು. ಕೊಂಡದ್ದು ಅಕ್ಕನಿಗಾಗಿ. ಅಕ್ಕನ ಬೆನ್ನಿನ ಆಪರೇಷನ್ ಗಲ್ಫಿನಲ್ಲೇ ಆಗಿತ್ತು. ಎಲುಬಿಗೆ ಸ್ಕ್ರೂ ಹಾಕಿದ್ದಾರೆ, ಕೂತು ಪ್ರಯಾಣ ಮಾಡಬಹುದು, ಆದರೆ ಏಟು ತಾಗಬಾರದು ಎಂದು ಡಾಕ್ಟರು ಹೇಳಿದ್ದರಂತೆ. ಆ ಕಾರಿನ ಸಸ್ಪೆನ್ಷನ್, ಅಂದರೆ ರಸ್ತೆಯ ಏಟು ನುಂಗುವ ಏರ್ಪಾಡು, ಸಾಮಾನ್ಯದ್ದಲ್ಲ. ನಾಲ್ಕು ಚಕ್ರದ ಶಾಕ್‌ಗಳಿಗೂ ವಯರುಂಟು. ಹಿಂದೆ ಸಾಮಾನಿಡುವ ಡಿಕ್ಕಿಯ ಒಳಬದಿಯಲ್ಲಿ ಕೂತ ಒಂದು ಕಂಪ್ಯೂಟರು ರಸ್ತೆ ನೋಡಿ ಅವುಗಳನ್ನು ಕ್ಷಣಕ್ಷಣಕ್ಕೂ ಮೃದು ಮಾಡುತ್ತದೆ, ಗಟ್ಟಿ ಮಾಡುತ್ತದೆ.

"ಗುಂಡಿ ಬಂದದ್ದು ಕಾರಿಗೆ ಗೊತ್ತಾಗ್ತದೆ, ನಿನಗೆ ಗೊತ್ತಾಗುದಿಲ್ಲ," ಎಂದಿದ್ದರು ಭಾವ.

ನನಗೆ ಗೊತ್ತಿಲ್ಲದ್ದು ಕಾರಿಗೆ ಗೊತ್ತಿರುತ್ತದೆ ಎಂಬುದೇ ನನಗೆ ಅಷ್ಟು ಸರಿ ಕಂಡಿರಲಿಲ್ಲ.

ಆದರೂ ಮೊದಲ ತಿಂಗಳು ಕಾರು ದೋಣಿಯ ಹಾಗೆ ಹೋಗುತ್ತಿತ್ತು. ವಾರಕ್ಕೆರಡು ಸಲ ಬಂಟ್ವಾಳದ ಕಚೇರಿಗೆ ಅದರಲ್ಲೇ ಹೋಗಿ ಬರುತ್ತಿದ್ದೆ. ನಿಲ್ಲಿಸಿಟ್ಟರೆ ಹಾಳಾಗುತ್ತದೆ ಎಂಬ ಹೆದರಿಕೆ ಒಂದು ಕಡೆ, ಓಡಿಸಿದರೆ ಸವೆಯುತ್ತದೆ ಎಂಬ ಹೆದರಿಕೆ ಇನ್ನೊಂದು ಕಡೆ. ಅಕ್ಕ ಬರಲು ಹದಿನೈದು ದಿನ ಇರುವಾಗ, ಒಂದು ಬೆಳಿಗ್ಗೆ ಗುರುವಾಯನಕೆರೆ ದಾಟಿದ ಮೇಲಿನ ಮೋರಿಯೊಂದರಲ್ಲಿ ಕಾರು ಧಡ್ ಎಂದಿತು. ಹಲ್ಲಿಗೆ ಹಲ್ಲು ಬಡಿಯಿತು. ಮಡಂತ್ಯಾರಿನಲ್ಲಿ ಮತ್ತೆ ಮೆತ್ತಗಾಯಿತು. ಪುಂಜಾಲಕಟ್ಟೆಯ ಹಂಪ್ ಬಂದದ್ದೇ ಮತ್ತೆ ಎತ್ತಿನ ಗಾಡಿಯಾಯಿತು. ಬಂಟ್ವಾಳ ಮುಟ್ಟುವಾಗ ನನ್ನ ಬೆನ್ನಲ್ಲಿ ಇಲ್ಲದ ಸ್ಕ್ರೂಗಳೂ ಸಡಿಲಾಗಿದ್ದವು. ಇದೇ ಸೀಟಿನಲ್ಲಿ ಅಕ್ಕ ಬಜ್ಪೆಯ ವಿಮಾನ ನಿಲ್ದಾಣದಿಂದ ಬೆಳ್ತಂಗಡಿವರೆಗೆ ಕೂತು ಬರಬೇಕು.

ಅದಕ್ಕೆ ಎರಡು ಮೂರು ದಿನ ಮೊದಲಷ್ಟೇ ಬಿ.ಸಿ. ರೋಡಿನ ಒಂದು ಗ್ಯಾರೇಜಿನಲ್ಲಿ ಬ್ರೇಕಿನ ಕೆಲಸ ಮಾಡಿಸಿದ್ದೆ. ಗ್ಯಾರೇಜಿನವನು ನನ್ನ ಹೈಸ್ಕೂಲಿನ ಸಹಪಾಠಿ. ಒಂದೇ ಬೆಂಚಿನಲ್ಲಿ ಮೂರು ವರ್ಷ ಕೂತವರು. ಬ್ರೇಕಿನ ಕೆಲಸಕ್ಕೆ ಚಕ್ರ ಕಳಚಬೇಕು, ಚಕ್ರ ಕಳಚಿದರೆ ಶಾಕ್ ಕೈಗೆ ಸಿಗುತ್ತದೆ. ನಾನು ಕಾರು ಬಿಟ್ಟು ಕಚೇರಿಗೆ ಹೋದದ್ದು ಬೆಳಿಗ್ಗೆ, ವಾಪಸು ಬಂದದ್ದು ಸಂಜೆ. ನಡುವೆ ಇಡೀ ಒಂದು ದಿನವುಂಟು. ಒಂದೇ ಬೆಂಚಿನಲ್ಲಿ ಕೂತವನ ಮೇಲೆ ಸಂಶಯ ಪಡಬಾರದು ಎಂದು ನನಗೇ ಹೇಳಿಕೊಂಡೆ. ಆ ಬೆಂಚಿನಲ್ಲಿ ನನ್ನ ಜಾಮಿಟ್ರಿ ಬಾಕ್ಸಿನ ಕೈವಾರ ಕಾಣೆಯಾಗಿದ್ದೂ ನೆನಪಿಗೆ ಬಂತು.

ಮತ್ತೆ ಅವನ ಬಳಿಗೇ ಹೋಗದೆ ಉಪಾಯವಿರಲಿಲ್ಲ. ಆದರೆ ಹೋಗುವ ಮುಂಚಿನ ಭಾನುವಾರ ಅಂಗಳದಲ್ಲಿ ಚಾಪೆ ಹಾಸಿ, ಕಾರಿನಡಿ ಅಂಗಾತ ಮಲಗಿ, ಹೆಂಡತಿಯ ಉಗುರುಬಣ್ಣದಿಂದ ನಾಲ್ಕೂ ಶಾಕ್‌ಗಳಿಗೆ ಒಂದೊಂದು ಬೊಟ್ಟಿಟ್ಟೆ. ಅವನು ಮೊದಲೇ ಬದಲಿಸಿದ್ದರೆ ಈ ಬೊಟ್ಟಿನಿಂದ ಏನು ಪ್ರಯೋಜನ ಎಂದು ಹೆಂಡತಿ ಕೇಳಿದಳು.

"ಇನ್ನು ಮುಂದೆ ಬದಲಿಸದ ಹಾಗೆ," ಎಂದೆ.

"ಅಂದ್ರೆ ಡೂಪ್ಲಿಕೇಟನ್ನು ಕದೀದ ಹಾಗೆ ಕಾಯುದು."

ನಾನು ಉಗುರುಬಣ್ಣದ ಬಾಟಲಿಯ ಮುಚ್ಚಳ ತಿರುಗಿಸಿ ಅವಳ ಕೈಗೆ ಕೊಟ್ಟೆ.

ಗ್ಯಾರೇಜಿನ ಅಂಗಳದಲ್ಲಿ ಸಹಪಾಠಿ ಬಾನೆಟ್ಟಿನ ಮೂಲೆಗೆ ಎರಡೂ ಕೈ ಕೊಟ್ಟು ಒತ್ತಿ ಬಿಟ್ಟ. ಕಾರು ಒಮ್ಮೆ ಎದ್ದು, ಮೆತ್ತಗೆ ಕೂತಿತು. ನಾಲ್ಕು ಮೂಲೆಯಲ್ಲೂ ಹಾಗೆಯೇ.

"ಎಂತ ಆಗಿದೆ ಇದಕ್ಕೆ? ಬೆಣ್ಣೆ ಹಾಗೆ ಉಂಟಲ್ಲ ಮಾರಾಯ."

"ರಸ್ತೆಗೆ ಹೋದ್ರೆ ಗೊತ್ತಾಗ್ತದೆ."

"ಹಾಗಾದ್ರೆ ಹೋಗುವ."

ಅವನು ಓಡಿಸಿದ, ನಾನು ಹಿಂದಿನ ಸೀಟಿನಲ್ಲಿ ಅಕ್ಕ ಕೂರಬೇಕಾದ ಜಾಗದಲ್ಲೇ ಕೂತೆ. ಪಾಣೆಮಂಗಳೂರಿನ ಕಡೆ ಹೋಗಿ ತಿರುಗಿ ಬರುವವರೆಗೆ ಕಾರು ಒಂದು ಸಲವೂ ಧಡ್ ಎನ್ನಲಿಲ್ಲ. ನಾನು ಎದುರಿನ ಗುಂಡಿಗಳನ್ನು ಬೆರಳು ಮಾಡಿ ತೋರಿಸಿದೆ. ಅವನು ವಿಧೇಯನಾಗಿ ಒಂದೊಂದಕ್ಕೂ ಇಳಿಸಿದ. ಏನೂ ಇಲ್ಲ. ಗ್ಯಾರೇಜಿಗೆ ಬಂದು ಟಯರಿನ ಗಾಳಿ ನೋಡಿದ, ಸರಿ ಇತ್ತು. ಜಾಕ್ ಕೊಟ್ಟು ಚಕ್ರ ಕಳಚಿದ, ಬುಷ್‌ಗಳಿಗೆ ಕಬ್ಬಿಣದ ಸಲಾಕೆ ಕೊಟ್ಟು ಅಲ್ಲಾಡಿಸಿದ, ಸ್ಪ್ರಿಂಗಿನ ಸುತ್ತುಗಳ ಮೇಲೆ ಬೆರಳಾಡಿಸಿದ. ಆಮೇಲೆ ಟಾರ್ಚು ಹಿಡಿದು ಒಳಗೆ ಬಗ್ಗಿದವನು ಉಗುರಿನಿಂದ ಏನನ್ನೋ ಕೆರೆದು ನೋಡಿದ.

"ಇದೆಂತ ಬೊಟ್ಟು?"

"ಕಂಪೆನಿ ಮಾರ್ಕು ಇರ್ಬೇಕು."

"ಕಂಪೆನಿಯವರು ಗುಲಾಬಿ ಬಣ್ಣ ಹಾಕ್ತಾರಾ?"

"ವಿದೇಶೀ ಕಾರಲ್ವಾ."

ಅವನು ನನ್ನ ಮುಖ ನೋಡಿದ. ನಾನು ಹೆದ್ದಾರಿಯಲ್ಲಿ ಹೋಗುತ್ತಿದ್ದ ಧರ್ಮಸ್ಥಳದ ಬಸ್ಸು ನೋಡಿದೆ. ಚಕ್ರ ವಾಪಸು ಹಾಕಿ, ಕೈ ಒರೆಸಿಕೊಳ್ಳುತ್ತಾ ಅವನು ಹೇಳಿದ, "ನನ್ನ ಲೆವೆಲಿನದ್ದು ಎಂತದ್ದೂ ಇಲ್ಲ ಇದ್ರಲ್ಲಿ. ಬರ್ತದೆ, ಹೋಗ್ತದೆ ಅಂತೀಯಲ್ಲ, ಹಾಗಾದ್ರೆ ಕರೆಂಟಿನ ವಿಷಯ. ಮೂಡಬಿದಿರೆಯಲ್ಲಿ ಒಬ್ರು ಬ್ಯಾರಿಗಳು ಇದ್ದಾರೆ, ಗಲ್ಫಿನ ಗ್ಯಾರೇಜಲ್ಲಿ ಇಂಥದ್ದೇ ಕಾರುಗಳ ವಯರಿಂಗ್ ಮಾಡಿ ಬಂದವ್ರು. ನಾನು ಹೇಳಿದೆ ಅಂತ ಹೇಳು."

ಆ ಕೊನೆಯ ಮಾತು ನನ್ನನ್ನು ಕೊರೆಯಿತು. ನಾನು ಹೇಳಿದೆ ಅಂತ ಯಾಕೆ ಹೇಳಬೇಕು? ಇಬ್ಬರಿಗೂ ಒಪ್ಪಂದ ಇರಬಹುದು. ಇವನು ಹಾಳು ಮಾಡುವುದು, ಅವರು ರಿಪೇರಿ ಮಾಡುವುದು. ಬಂಟ್ವಾಳ ಪೇಟೆ ದಾಟಿ ಎರಡನೆಯ ಮೋರಿಗೆ ಕಾರು ಮತ್ತೆ ಧಡ್ ಎಂದಾಗ ಸಂಶಯ ಗಟ್ಟಿಯಾಯಿತು: ಅವನ ಕೈಯಲ್ಲಿ ಇರುವಾಗ ಮೆತ್ತಗೆ, ನನ್ನ ಕೈಗೆ ಬಂದ ಕೂಡಲೇ ಕಲ್ಲು. ಇದಕ್ಕೆ ಏನರ್ಥ?

ಹಾಗಾಗಿ ಐದು ದಿನ ನಾನು ಮೂಡಬಿದಿರೆಗೆ ಹೋಗಲಿಲ್ಲ. ಬದಲಿಗೆ ಹಿಂದಿನ ಸೀಟಿಗೆ ಹತ್ತಿಯ ಹಾಸಿಗೆ ಹಾಸಿದೆ. ಅದರ ಮೇಲೆ ಅಡ್ಡ ಮಲಗಿ, ಪಕ್ಕದ ಮನೆಯ ರಿಕ್ಷಾ ಓಡಿಸುವವನಿಂದ ಮುಂಡಾಜೆವರೆಗೆ ಕಾರು ಓಡಿಸಿಕೊಂಡು ಹೋದೆ. ಹೋಗುವಾಗ ಮೂರು ಸಲ ಏಟು ಬಿತ್ತು. ಬರುವಾಗ ಒಂದೂ ಇಲ್ಲ, ಕಿಟಕಿಯ ಸಂದಿನಿಂದ ಬಂದ ಬಿಸಿಗಾಳಿಗೆ ನಿದ್ದೆಯೇ ಬಂತು. ರಿಕ್ಷಾದವನು ನಡುವೆ ಒಂದೇ ಮಾತು ಕೇಳಿದ: "ಆಸ್ಪತ್ರೆಗೆ ತಿರುಗಿಸ್ಬೇಕಾ ಸಾರ್?"

ಅಕ್ಕ ಫೋನ್ ಮಾಡಿದಳು. ಅವಳ ದನಿ ಮೊದಲಿನ ಹಾಗೆ ಇರಲಿಲ್ಲ, ಒಂದು ವಾಕ್ಯದ ನಡುವೆ ಎರಡು ಸಲ ಉಸಿರು ತೆಗೆದುಕೊಳ್ಳುತ್ತಿದ್ದಳು.

"ವಿಮಾನದ ಹೆದರಿಕೆ ಇಲ್ಲ ನಂಗೆ. ಇಳಿದ ಮೇಲಿಂದೇ ಹೆದರಿಕೆ. ಆ ರಸ್ತೆ ನೆನಪಾದ್ರೆ ಬೆನ್ನು ಈಗಲೇ ಜುಂ ಅಂತದೆ. ಕಾರು ಸರಿ ಉಂಟಲ್ಲ?"

"ಏ, ದೋಣಿ ಹಾಗೆ ಉಂಟು," ಎಂದೆ.

ಫೋನಿಟ್ಟೆ. ಜೀವನದಲ್ಲಿ ಎಲ್ಲರನ್ನೂ ಸುಳ್ಳುಗಾರರೆಂದು ಅನುಮಾನಿಸಿದ ನಾನು, ಅಕ್ಕನಿಗೆ ಅಷ್ಟು ಸಲೀಸಾಗಿ ಸುಳ್ಳು ಹೇಳಿದ್ದೆ. ಅವಳು ಬರಲು ಎರಡೇ ದಿನ ಉಳಿದಿತ್ತು. ಮರುದಿನ ಕಚೇರಿಗೆ ರಜೆ ಹಾಕಿ, ವೇಣೂರಿನ ಮೇಲೆ ಮೂಡಬಿದಿರೆಗೆ ಹೊರಟೆ.

ಅವರ ಅಂಗಡಿ ಒಂದು ತಗಡಿನ ಶೆಡ್ಡು, ಒಳಗೆ ಗಲ್ಫಿನಿಂದ ತಂದ ಉಪಕರಣಗಳು ಬಟ್ಟೆ ಹೊದ್ದು ಸಾಲಾಗಿ ಕೂತಿದ್ದವು. ಬ್ಯಾರಿಗಳಿಗೆ (ನಮ್ಮ ಕರಾವಳಿಯ ಮುಸ್ಲಿಮರನ್ನು ಹಾಗೆಯೇ ಕರೆಯುವುದು) ಅರುವತ್ತರ ಹತ್ತಿರದ ಪ್ರಾಯ, ಬಿಳಿ ಗಡ್ಡ, ಕನ್ನಡಕ ಹಣೆಯ ಮೇಲೆ. ನಾನು ಯಾರು ಕಳುಹಿಸಿದ್ದೆಂದು ಹೇಳಲಿಲ್ಲ. ಅವರು ಕೇಳಲೂ ಇಲ್ಲ. ಉಪಕರಣ ಯಾವುದನ್ನೂ ಮುಟ್ಟದೆ ನನಗೆ ಹೇಳಿದರು, "ನೀವು ಕೀ ಆನ್ ಮಾಡಿ. ಇಂಜಿನ್ ಬೇಡ. ನಾನು ಹೇಳುವಾಗ ಆಫ್, ಹೇಳುವಾಗ ಆನ್."

ಅವರು ಹಿಂದಿನ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು, ಮಗುವಿನ ಎದೆಗೆ ಕಿವಿ ಕೊಡುವ ಹಾಗೆ ಮಡ್‌ಗಾರ್ಡಿಗೆ ಕಿವಿ ಕೊಟ್ಟರು. ಆನ್. ಆಫ್. ಆನ್. ಮತ್ತೆ ಮುಂದಿನ ಚಕ್ರ.

"ಕೀ ಹಾಕಿದ ಕೂಡ್ಲೆ ಪ್ರತಿ ಶಾಕಿನ ತಲೆಯಲ್ಲೂ ಕಿರ್ರ್ ಅಂತ ಸಣ್ಣ ಸದ್ದು ಬರ್ಬೇಕು, ಮಾರಾಯ್ರೆ. ಒಂದ್ರಲ್ಲೂ ಇಲ್ಲ. ನಾಲ್ಕೂ ಒಟ್ಟಿಗೆ ಹಾಳಾಗುದಿಲ್ಲ. ಅಣ್ಣತಮ್ಮಂದಿರಿಗೂ ಅಷ್ಟು ಒಗ್ಗಟ್ಟು ಇರುದಿಲ್ಲ."

"ಆದ್ರೆ ಹಾಳಾದ್ರೆ ಹಳದಿ ದೀಪ ಬರ್ತದೆ ಅಂತ ಪುಸ್ತಕದಲ್ಲಿ ಉಂಟು. ದೀಪ ಬಂದೇ ಇಲ್ಲ."

"ದೀಪ ಹಾಕುವವನಿಗೇ ಕರೆಂಟ್ ಇಲ್ಲದಿದ್ರೆ ಯಾರು ಹಾಕುದು? ಆ ಕಂಪ್ಯೂಟರು ನಿದ್ದೆ ಹೋದ್ರೆ ಶಾಕ್‌ಗಳು ಗಟ್ಟಿಯಾಗಿ ನಿಲ್ತವೆ. ಎಚ್ಚರ ಆದ್ರೆ ಮೆತ್ತಗೆ. ಡಿಕ್ಕಿ ತೆಗೀರಿ."

ಡಿಕ್ಕಿಯ ಬದಿಯ ಕಾರ್ಪೆಟ್ಟು ಸರಿಸಿದರು. ಅಂಗೈಯಗಲದ ಕಪ್ಪು ಪೆಟ್ಟಿಗೆ, ಅದಕ್ಕೆ ಸಿಕ್ಕಿಸಿದ ಅಗಲವಾದ ಪ್ಲಗ್ಗು. ನೋಡಲು ಸರಿಯಾಗಿಯೇ ಕೂತಿತ್ತು. ಅವರು ಹೆಬ್ಬೆರಳಿನಿಂದ ಅದನ್ನು ಒತ್ತಿದರು.

ಟಕ್ ಎಂದಿತು.

"ಕೀ ಆನ್ ಮಾಡಿ," ಎಂದರು. ಈ ಸಲ ನನಗೂ ಕೇಳಿಸಿತು: ನಾಲ್ಕು ಮೂಲೆಯಿಂದ ಕಿರ್ರ್, ಕಿರ್ರ್, ಎಲ್ಲೋ ಜೀರುಂಡೆ ಕೂಗಿದ ಹಾಗೆ.

"ಇದನ್ನು ಯಾರೋ ಒಮ್ಮೆ ತೆಗೆದು ಪುನಃ ಹಾಕಿದ್ದಾರೆ. ತಾನಾಗಿ ಇದು ಕಳಚುದಿಲ್ಲ, ಲಾಕ್ ಉಂಟು," ಎಂದರು ಬ್ಯಾರಿಗಳು.

ನನಗೆ ಇಷ್ಟೇ ಬೇಕಾಗಿತ್ತು. ತೆಗೆದವನು ಯಾರೆಂದು ನನಗೆ ಗೊತ್ತಿತ್ತು. ಕಾರು ಮತ್ತೆ ದೋಣಿಯಾಗಿ ವೇಣೂರಿನ ತಿರುವುಗಳಲ್ಲಿ ತೇಲುತ್ತಿದ್ದರೂ ಆ ಸುಖ ನನ್ನ ಮೈಗೆ ಹತ್ತಲಿಲ್ಲ. ದಾರಿಯುದ್ದಕ್ಕೂ ಸಹಪಾಠಿಗೆ ಹೇಳಬೇಕಾದ ಮಾತುಗಳನ್ನು ಜೋಡಿಸುತ್ತಾ ಬಂದೆ. ಡಿಕ್ಕಿಯಲ್ಲಿ ನಿನಗೆ ಏನು ಕೆಲಸ ಇತ್ತು ಎಂಬಲ್ಲಿಂದ ಶುರು. ಕೈವಾರದ ವಿಷಯ ಕೊನೆಗೆ. ನಾಳೆ ಅಕ್ಕನನ್ನು ಮನೆ ಮುಟ್ಟಿಸುವುದು, ನಾಡಿದ್ದು ನೇರ ಬಿ.ಸಿ. ರೋಡು.

ಮರುದಿನ ಮಧ್ಯಾಹ್ನ ಬಜ್ಪೆಯಲ್ಲಿ ಅಕ್ಕ ಗಾಲಿಕುರ್ಚಿಯಲ್ಲಿ ಹೊರಗೆ ಬಂದಳು, ಹಿಂದಿನಿಂದ ಭಾವ ತಳ್ಳುತ್ತಿದ್ದರು. ತೆಳ್ಳಗಾಗಿದ್ದಳು. ಹಿಂದಿನ ಸೀಟಿನ ಹಾಸಿಗೆ ನೋಡಿ, "ಬಾಣಂತಿಯನ್ನು ಕರ್ಕೊಂಡು ಹೋಗುದಾ ನೀನು?" ಎಂದು ಅದನ್ನು ತೆಗೆಸಿದಳು. ಭಾವ ಅವಳ ಪಕ್ಕ ಕೂತರು, ನನ್ನ ಹೆಂಡತಿ ಮುಂದೆ ಕೂತಳು. ಕೈಕಂಬದವರೆಗೆ ಅಕ್ಕ ಮೇಲಿನ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಕನ್ನಡಿಯಲ್ಲಿ ಅವಳ ಗೆಣ್ಣುಗಳು ಬೆಳ್ಳಗೆ ಕಾಣುತ್ತಿದ್ದವು. ಬಿ.ಸಿ. ರೋಡು ದಾಟುವಾಗ ಕೈ ತೊಡೆಯ ಮೇಲೆ ಇಳಿದಿತ್ತು. ಪುಂಜಾಲಕಟ್ಟೆಯ ಹಂಪ್ ಹತ್ತಿ ಇಳಿದಾಗ ನಾನು ಕನ್ನಡಿ ನೋಡಿದೆ. ಅಕ್ಕ ಭಾವನ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋಗಿದ್ದಳು, ಬಾಯಿ ಸ್ವಲ್ಪ ತೆರೆದಿತ್ತು.

ಮಡಂತ್ಯಾರು ಕಳೆಯುವಾಗ ಘಟ್ಟದ ಕಡೆ ಆಕಾಶ ಕಪ್ಪಿಟ್ಟು, ದೂರದಲ್ಲಿ ಗುಡುಗು ಕೇಳಿಸಿತು. ಮಳೆಗಾಲದ ಮುಂಚಿನ ಆ ತಿಂಗಳಲ್ಲಿ ಸಂಜೆ ಗುಡುಗಿದರೆ ನಮ್ಮ ಕಡೆಯ ಮನೆಗಳಲ್ಲಿ ಮೊದಲ ಕೆಲಸ ಟೀವಿ, ಫ್ರಿಜ್ಜು, ಫೋನು ಎಲ್ಲದರ ಪ್ಲಗ್ಗು ಕೀಳುವುದು. ಸಿಡಿಲು ವಯರು ಹಿಡಿದು ಒಳಗೆ ಬರುತ್ತದೆ.

ಹೆಂಡತಿ ಅಕ್ಕನಿಗೆ ಎಚ್ಚರವಾಗದ ಹಾಗೆ ಮೆಲ್ಲಗೆ ಕೇಳಿದಳು, "ಇವತ್ತು ಡಿಕ್ಕಿಯದ್ದೂ ತೆಗೀಬೇಕಾ?"

"ಡಿಕ್ಕಿಯ ಎಂತದ್ದು?"

"ಪ್ಲಗ್ಗು. ಎರಡು ವಾರ ಮೊದಲು ನೀವು ಮೂಡಬಿದಿರೆಗೆ ಮದುವೆಗೆ ಬಸ್ಸಲ್ಲಿ ಹೋಗಿದ್ರಲ್ಲ, ಗುಡುಗು ಬಂತು ಅಂತ ಅಲ್ಲಿಂದ ಫೋನ್ ಮಾಡಿ ಎಲ್ಲಾ ತೆಗಿ, ಎಲ್ಲಾ ತೆಗಿ ಅಂದ್ರಿ. ಕಾರಿಗೂ ಕಂಪ್ಯೂಟರ್ ಉಂಟು, ಸಿಡಿಲಿಗೆ ಮೊದಲು ಹೋಗುದು ಕಂಪ್ಯೂಟರೇ ಅಂತ ಹೇಳಿದವ್ರೂ ನೀವೇ. ಅದನ್ನೂ ತೆಗ್ದೆ."

ಬ್ರೇಕಿನ ಕೆಲಸ ಆ ಮದುವೆಯ ಮುನ್ನಾದಿನ ಆಗಿತ್ತು. ನಾನು ಗೇರು ಬದಲಿಸುವುದನ್ನೇ ಮರೆತೆ. ಕಾರು ಒಮ್ಮೆ ಕೆಮ್ಮಿ ಮುಂದೆ ಹೋಯಿತು. ಅಕ್ಕನಿಗೆ ಎಚ್ಚರವಾಗಲಿಲ್ಲ.

"ವಾಪಸು ಹಾಕಲಿಲ್ವಾ ಮತ್ತೆ?"

"ಬೆಳಿಗ್ಗೆ ಎದ್ದ ಕೂಡ್ಲೆ ಹಾಕಿದ್ದೇನೆ. ಟೀವಿಯದ್ದಕ್ಕಿಂತ ಮೊದಲು ಅದನ್ನೇ ಹಾಕಿದ್ದು."

ಹಾಕಿದ್ದಳು, ನಿಜ. ಟಕ್ ಎನ್ನುವವರೆಗೆ ಒತ್ತಬೇಕೆಂದು ಮಾತ್ರ ನಾನು ಹೇಳಿರಲಿಲ್ಲ.