ಗುಳಿಗೆ ಸಿಟ್ಟೋ, ನಿಮ್ದೇ ಸಿಟ್ಟೋ?

ಬಂಗುಡೆ ಮೀನನ್ನು ತಿರುಗಿ ಬುಟ್ಟಿಗೆ ಸುರಿದೇಬಿಟ್ಟೆ. ಅದೂ ಬೋಣಿ ಮೀನು!

ಎರಡು ಸಾವಿರದ ಐದೋ ಆರೋ ಇರಬೇಕು. ಅಂಕೋಲೆಯ ಬೊಬ್ರುವಾಡದಲ್ಲಿ ನಮ್ಮ ಮನೆ. ಮೀನು ಮಾರುವ ದೇವಕಿ ದಿನಾ ಬೆಳಿಗ್ಗೆ ಮೊದಲು ಬುಟ್ಟಿ ಇಳಿಸುತ್ತಿದ್ದುದು ನಮ್ಮ ಅಂಗಳದಲ್ಲೇ. "ಅಕ್ಕೋರ ಕೈಗುಣ ಚಲೋ ಅದೆ" ಅನ್ನುತ್ತಿದ್ದಳು. ನಾನು ಪ್ರೈಮರಿ ಶಾಲೆ ಟೀಚರ್, ನಮ್ಮ ಕಡೆ ಟೀಚರ್ ಎಂದರೆ ಅಕ್ಕೋರು.

ಬೋಣಿ ಹೊತ್ತಿನಲ್ಲಿ ಚೌಕಾಸಿ ಮಾಡಬಹುದು, ಜಗಳ ಆಡಬಾರದು. ತೆಗೆದುಕೊಂಡ ಮೀನನ್ನು ವಾಪಸ್ ಹಾಕುವುದಂತೂ ಇಲ್ಲವೇ ಇಲ್ಲ... ಅವಳ ಇಡೀ ದಿನದ ವ್ಯಾಪಾರ ಕೆಟ್ಟಂತೆ.

ನಾನು ಎರಡೂ ಮಾಡಿದೆ. ಕಾರಣ? ಒಂದು ಬಂಗುಡೆ ಸಣ್ಣದಿತ್ತು.

ದೇವಕಿ ಬುಟ್ಟಿ ಹೊತ್ತು ಹೋದಳು. ನಾನು ಒಳಗೆ ಬಂದು ಗಳಗಳ ಅತ್ತುಬಿಟ್ಟೆ. ಆಮೇಲೆ ಅದೇನು ಹುರುಪೋ, ಅಟ್ಟದ ಮೇಲಿನ ಪಾತ್ರೆಗಳನ್ನೆಲ್ಲ ಇಳಿಸಿ ತಿಕ್ಕಿದೆ.

ಕಿಡ್ನಿ ತೊಂದರೆಗೆ ಎಂಟು ತಿಂಗಳಿಂದ ಸ್ಟಿರಾಯ್ಡ್ ಮಾತ್ರೆ ನುಂಗುತ್ತ, ರಜೆ ಹಾಕಿ ಮನೆಯಲ್ಲಿದ್ದೆ. ಮುಖ ಊದುತ್ತದೆ, ಹಸಿವು ಹೆಚ್ಚುತ್ತದೆ ಎಂದು ಗೊತ್ತಿತ್ತು. ಮನಸ್ಸು ಹೀಗೆ ಕುಣಿಯುತ್ತದೆ ಎಂದು ಗೊತ್ತಿರಲಿಲ್ಲ.

ಚಹಾ ತಣ್ಣಗಾದರೆ ಕೂಗಾಟ. ಟೀವಿಯಲ್ಲಿ ಸೋಪಿನ ಜಾಹೀರಾತು ಬಂದರೆ ಕಣ್ಣೀರು! ನನಗೆ ಹುಚ್ಚು ಹಿಡಿಯುತ್ತಿದೆ ಎಂದು ನಿಜಕ್ಕೂ ಹೆದರಿದ್ದೆ, ಯಾರಿಗೂ ಹೇಳಿರಲಿಲ್ಲ.

ಮರುದಿನದಿಂದ ದೇವಕಿ ನಮ್ಮ ಗೇಟು ದಾಟಿ ಮುಂದೆ ಹೋಗತೊಡಗಿದಳು. ಮೂರು ದಿನ ಬರೀ ಬೇಳೆ ಸಾರು. ನಮ್ಮ ಅತ್ತೆ ತಟ್ಟೆ ನೋಡಿ ನಿಟ್ಟುಸಿರು ಬಿಟ್ಟರು, ಅದಕ್ಕೂ ರೇಗಿದೆ.

ನಾಲ್ಕನೆಯ ದಿನ ಮಾತ್ರೆಗಳನ್ನು ಕಸದ ಡಬ್ಬಿಗೆ ಎಸೆದು, ಇನ್ನು ಸತ್ತರೂ ನುಂಗುವುದಿಲ್ಲ ಎಂದೆ. ನನ್ನ ಯಜಮಾನರು ಅವನ್ನು ಹೆಕ್ಕಿ ಜೇಬಿಗೆ ಹಾಕಿಕೊಂಡು, ನನ್ನನ್ನು ಕಾರವಾರದ ಬಸ್ಸು ಹತ್ತಿಸಿದರು.

ಡಾಕ್ಟರು ಎಲ್ಲ ಸಮಾಧಾನದಿಂದ ಕೇಳಿದರು. ಇದು ಹುಚ್ಚಲ್ಲ, ಔಷಧಿಯ ಆಟ, ಎಷ್ಟೋ ಜನರಿಗೆ ಆಗುತ್ತದೆ. ಆದರೆ ದಿಢೀರನೆ ನಿಲ್ಲಿಸಿದರೆ ಜೀವಕ್ಕೇ ಅಪಾಯ ಅಂದರು. ಡೋಸ್ ನಿಧಾನವಾಗಿ ಇಳಿಸೋಣ, ಅಲ್ಲಿಯವರೆಗೆ ಸುತ್ತಲಿನವರಿಗೆ ಹೇಳಿಡಿ, ಮುಚ್ಚಿಡಬೇಡಿ...

ನನಗೆ ಹೋದ ಜೀವ ಬಂದಂತಾಯಿತು.

ಮರುದಿನ ಬೆಳಿಗ್ಗೆ ಗೇಟಿನ ಹೊರಗೇ ಕಾದು ನಿಂತು, ದೇವಕಿಗೆ ಎಲ್ಲ ಹೇಳಿದೆ.

"ಅಯ್ಯ, ಅಷ್ಟೇಯ ಅಕ್ಕೋರೆ! ನಾ ನಿಮ್ಗೆ ಗಾಳಿ ಗೀಳಿ ಸೋಕ್ಯದೆ ಅಂದ್ಕಂಡಿದ್ದೆ" ಎನ್ನುತ್ತ ಬುಟ್ಟಿ ಇಳಿಸಿದಳು.

ಅಂದಿನಿಂದ ಹೊಸ ಪದ್ಧತಿ. ಗೇಟಿನಾಚೆಯಿಂದಲೇ ಕೂಗುತ್ತಿದ್ದಳು, "ಅಕ್ಕೋರೆ, ಇಂದು ಗುಳಿಗೆ ಸಿಟ್ಟೋ, ನಿಮ್ದೇ ಸಿಟ್ಟೋ?"

ಗುಳಿಗೆಯದ್ದು ಎಂದರೆ ಪಕ್ಕದ ಮನೆಯಲ್ಲಿ ಬೋಣಿ ಮುಗಿಸಿ ಆಮೇಲೆ ಬರುವಳು. ಮನೆಯವರೂ ಇದನ್ನೇ ಕಲಿತರು. ಕೊನೆಗೆ ನಾನೂ ಸಿಟ್ಟು ಬಂದಾಗ ಒಂದು ಗಳಿಗೆ ನಿಂತು ನನ್ನನ್ನೇ ಕೇಳಿಕೊಳ್ಳತೊಡಗಿದೆ. ಅರ್ಧ ಸಿಟ್ಟು ಅಲ್ಲೇ ಇಳಿಯುತ್ತಿತ್ತು.

ವರ್ಷದ ಮೇಲೆ ಮಾತ್ರೆ ಪೂರ್ತಿ ನಿಂತಿತು. ಸುದ್ದಿ ಕೇಳಿ ದೇವಕಿ ಒಂದು ಬಂಗುಡೆ ಹೆಚ್ಚಿಗೆ ಹಾಕಿದಳು, ದೊಡ್ಡದೇ.

ಅದಾಗಿ ಎಂಟು ದಿನವೂ ಇಲ್ಲ. ನನಗೆ ಹಾಕಿದ ಪಾಲಿನಲ್ಲಿ ಮತ್ತೆ ಒಂದು ಸಣ್ಣ ಮೀನು. ನನ್ನ ದನಿ ಏರುತ್ತದೆ... ದೇವಕಿ ಸೊಂಟಕ್ಕೆ ಕೈಯಿಟ್ಟು ನೋಡುತ್ತಾಳೆ. ಒಳಗಿಂದ ಅತ್ತೆಯೂ ಇಣುಕುತ್ತಾರೆ.

ಇಬ್ಬರೂ ಏನೂ ಕೇಳುತ್ತಿಲ್ಲ. ಸುಮ್ಮನೆ ಕಾಯುತ್ತಿದ್ದಾರೆ.

"ನಂದೇ ಮಾರಾಯ್ತಿ" ಅಂದೆ.

ಮೂವರೂ ನಕ್ಕು ನಕ್ಕು ಸುಸ್ತಾದೆವು. ತನ್ನ ಸಿಟ್ಟು ತನಗೇ ವಾಪಸ್ ಸಿಕ್ಕಿತೆಂದು ಇಷ್ಟು ಖುಷಿಪಟ್ಟವಳು ನಾನೊಬ್ಬಳೇನಾ, ನೀವೂ ಯಾರಾದರೂ ಇದ್ದೀರಾ?