ಕೆಳಗಿನ ರೂಮು

ಮೊನ್ನೆ ಸೊರಬದ ಕಚೇರಿಯೊಂದರಲ್ಲಿ ಸರದಿಯಲ್ಲಿ ನಿಂತಿದ್ದಾಗ ಸ್ಟಾಂಪ್ ಪ್ಯಾಡಿನ ವಾಸನೆ ಬಂತು. ನನ್ನ ಮುಂದಿದ್ದ ಅಜ್ಜಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ, ಬೆರಳಿನಲ್ಲಿ ಉಳಿದ ನೀಲಿ ಶಾಯಿಯನ್ನು ತಲೆಗೂದಲಿಗೆ ಒರೆಸಿಕೊಂಡರು. ಸೀರೆ ಕೊಳೆಯಾಗಬಾರದೆಂದು ಹೆಬ್ಬೆಟ್ಟಿನವರು ಹಾಗೆಯೇ ಮಾಡುತ್ತಾರೆ. ಹಿಂದೊಮ್ಮೆ ನಮ್ಮ ಅಡುಗೆಮನೆಯಲ್ಲಿ ಇನ್ನೊಬ್ಬರು ಹಾಗೆ ಒರೆಸಿಕೊಂಡದ್ದನ್ನು ನೋಡಿದ್ದೆ...

ಶಿಕಾರಿಪುರದ ನಮ್ಮ ಬೀದಿಯಲ್ಲಿ ಅವರನ್ನು ಎಲ್ಲರೂ ರೊಟ್ಟಿ ಅವ್ವ ಎನ್ನುತ್ತಿದ್ದರು. ದಿನಾ ಬೆಳಿಗ್ಗೆ ಐದು ಮನೆಗಳಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದರು. ನಮ್ಮದು ಮೂರನೆಯ ಮನೆ. ಅವರಿಗೆ ಬೆಳೆದ ಮಗಳೊಬ್ಬಳಿದ್ದಳು. ಅವಳಿಗೆ ಫಿಟ್ಸ್ ಬರುತ್ತಿತ್ತು, ಮನಸ್ಸೂ ಸ್ತಿಮಿತದಲ್ಲಿರಲಿಲ್ಲ. ಯಾವಾಗಲಾದರೂ ಬೀದಿಯಲ್ಲಿ ಕೂಗಿಕೊಂಡು ಓಡಿದರೆ, ಆ ವಾರವೇ ಮನೆ ಮಾಲೀಕರು ಖಾಲಿ ಮಾಡಿ ಎನ್ನುತ್ತಿದ್ದರು. "ಟ್ರಂಕು, ಒಲಿ, ಮಗಳು. ಮೂರೇ ಸಾಮಾನು ನಂದು, ಎತ್ತಾಕ ಹಗುರ," ಎಂದು ರೊಟ್ಟಿ ಅವ್ವ ನಗುತ್ತಿದ್ದರು.

ಆಗ ಬೀದಿಯ ಕೊನೆಯ ಖಾಲಿ ಸೈಟಿನಲ್ಲಿ ಒಂದು ಟ್ರಸ್ಟಿನವರು ಇಂಥವರಿಗೆಂದೇ ಎರಡಂತಸ್ತಿನ ಕಟ್ಟಡ ಕಟ್ಟಲು ಹೊರಟರು. ಕಡಿಮೆ ಬಾಡಿಗೆಯ ಕೋಣೆಗಳು, ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡಲು ಒಬ್ಬ ನರ್ಸು, ಖಾಲಿ ಮಾಡಿ ಎಂದು ಯಾರೂ ತಟ್ಟದ ಬಾಗಿಲು. ಅಡಿಪಾಯ ತೋಡುವ ಮೊದಲೇ ನಮ್ಮ ಬೀದಿ ಅದಕ್ಕೆ 'ಹುಚ್ಚರ ಛತ್ರ' ಎಂದು ಹೆಸರಿಟ್ಟಿತು.

ತಕರಾರು ಅರ್ಜಿ ಬರೆದವಳು ನಾನು. ಎಂ.ಎ. ಓದಿದವಳು, ಅಕ್ಷರ ದುಂಡಗಿತ್ತು. 'ಬೀದಿಯ ಶಾಂತಿಗೆ ಭಂಗ', 'ಹೆಣ್ಣುಮಕ್ಕಳ ಸುರಕ್ಷತೆ'... ಆ ಮಾತುಗಳನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ಎದುರುಮನೆಯ ಯಜಮಾನರು ಓದಿ ಮೆಚ್ಚಿಕೊಂಡು, "ಒಬ್ಬ ಬಡವರ ಹೆಬ್ಬೆಟ್ಟೂ ಇರ್ಲಿ ತಂಗಿ, ಅರ್ಜಿಗೆ ತೂಕ ಬರ್ತದೆ. ನಿಮ್ಮನಿಯಾಗ ರೊಟ್ಟಿ ಬಡೀತಾಳಲ್ಲ, ಆಕಿದು ಹಾಕಿಸು," ಎಂದರು.

ನಾನು ಕಾಗದ ಮತ್ತು ಪ್ಯಾಡು ಹಿಡಿದು ಒಳಗೆ ಹೋದೆ. ರೊಟ್ಟಿ ಅವ್ವ ಕೈ ಕೊಡವಿಕೊಂಡು, "ಏನ್ರಿ ಅಕ್ಕಾರ, ಆ ರೂಮಿಂದಾ?" ಎಂದು ಕೇಳಿದರು. "ಹೂಂ, ಅದ್ರದ್ದೇ," ಎಂದೆ. ಹಾಗೆ ಹೇಳಿದೆನೋ, ಸುಮ್ಮನೆ ತಲೆಯಾಡಿಸಿದೆನೋ, ಈಗ ಆಣೆ ಮಾಡಿ ಹೇಳಲಾರೆ. ಬೆರಳ ಗೆರೆಯಲ್ಲಿ ಹಿಟ್ಟು ತುಂಬಿಕೊಂಡು ಮೊದಲ ಗುರುತು ಸರಿಯಾಗಿ ಮೂಡಲಿಲ್ಲ. ಅವರೇ ಕೈ ತೊಳೆದುಕೊಂಡು ಬಂದು, ಇನ್ನೊಮ್ಮೆ ಗಟ್ಟಿಯಾಗಿ ಒತ್ತಿದರು. ಶಾಯಿಯನ್ನು ಕೂದಲಿಗೆ ಒರೆಸಿಕೊಳ್ಳುತ್ತಾ, "ಕೆಳಗಿನ ರೂಮು ಅಂತ ಬರೀರಿ. ಮೆಟ್ಲು ಮ್ಯಾಲೆ ಫಿಟ್ಸ್ ಬಂದ್ರ ಮಗಳು ಉಳಿಯಂಗಿಲ್ಲ," ಎಂದರು.

"ಬರೀತೀನಿ," ಎಂದೆ. ಇದು ಮಾತ್ರ ಚೆನ್ನಾಗಿ ನೆನಪಿದೆ. ಹರಿದು ಹಾಕಲು ಕಾಗದ ನನ್ನ ಕೈಯಲ್ಲೇ ಇತ್ತು.

ಮೊನ್ನೆ ಮನೆಗೆ ಬಂದಮೇಲೆ ಆ ದಿನದ ಡೈರಿ ತೆಗೆದು ನೋಡಿದೆ. 'ಅರ್ಜಿ ಮುಗಿಯಿತು. ರೊಟ್ಟಿ ಮೆತ್ತಗಿತ್ತು.' ಅಷ್ಟೇ ಬರೆದಿದ್ದೇನೆ.

ಟ್ರಸ್ಟಿನವರು ಬೀದಿಯವರ ಸಭೆ ಕರೆದರು. ರೊಟ್ಟಿ ಅವ್ವ ಮಗಳನ್ನು ಕರೆದುಕೊಂಡು ಬಂದು ಹಿಂದೆ ಕುಳಿತಿದ್ದರು. ಎದುರುಮನೆಯ ಯಜಮಾನರು ಅರ್ಜಿಯಲ್ಲಿದ್ದ ಒಂದೇ ಒಂದು ಹೆಬ್ಬೆಟ್ಟನ್ನು, ಆಮೇಲೆ ಅವರನ್ನು ತೋರಿಸಿ, "ನೋಡ್ರಿ, ಬಡವರಿಗೇ ಬ್ಯಾಡಾಗೇತಿ," ಎಂದರು. ಟ್ರಸ್ಟಿನ ಹೆಂಗಸು ಅರ್ಜಿಯನ್ನು ಗಟ್ಟಿಯಾಗಿ ಓದಿದರು. ಆಮೇಲೆ, "ಈ ಹೆಬ್ಬೆಟ್ಟು ನಿಮ್ದೇನಮ್ಮಾ?" ಎಂದು ರೊಟ್ಟಿ ಅವ್ವನನ್ನು ಕೇಳಿದರು.

ರೊಟ್ಟಿ ಅವ್ವ ನನ್ನ ಕಡೆ ನೋಡಿದರು. ನಾನು ಎದ್ದು ನಿಲ್ಲಬಹುದಿತ್ತು.

"ಹೌದ್ರಿ, ನಂದೇ," ಎಂದರು.

ನನ್ನ ಮಾನ ಉಳಿಸಲು ಹಾಗೆಂದರು ಎಂದು ಎಷ್ಟೋ ಕಾಲ ಅಂದುಕೊಂಡಿದ್ದೆ. ಅದು ನನಗೆ ಹಿತವಾದ ಲೆಕ್ಕಾಚಾರ. ಅವರ ಐದು ಮನೆಯ ರೊಟ್ಟಿ ನಮ್ಮ ಬೀದಿಯಲ್ಲೇ ಇತ್ತು. ಇಲ್ಲ ಎನ್ನುವ ಶಕ್ತಿ ಅವರಿಗೆಲ್ಲಿತ್ತು? ಮರುದಿನ ಬಂದು ಎಂದಿನಂತೆ ರೊಟ್ಟಿ ಬಡಿದರು. ಹೊರಡುವಾಗ, "ಓದಿ ಹೇಳಿದ್ರ ಆಗ್ತಿತ್ತು ಅಕ್ಕಾರ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಟ್ರಸ್ಟಿನವರು ಊರು ಬಿಟ್ಟರು. ತಿಂಗಳೊಳಗೆ ಮಾಲೀಕರು ರೊಟ್ಟಿ ಅವ್ವನ ಮನೆಯನ್ನೂ ಖಾಲಿ ಮಾಡಿಸಿದರು. ಸೊರಬದ ಕಡೆ ಹೋದರಂತೆ ಎಂದು ಯಾರೋ ಅಂದರು... ನಾನು ಹುಡುಕಲಿಲ್ಲ.

ಮೊನ್ನೆಯ ಅಜ್ಜಿ ಅವರಲ್ಲ. ಆದರೂ ತಡೆಯಲಾಗದೆ, "ಇದ್ರಲ್ಲಿ ಏನಿದೆ ಅಂತ ಓದಿ ಹೇಳ್ಲಾ?" ಎಂದು ಕೇಳಿದೆ. ಅಜ್ಜಿ ಕಾಗದವನ್ನು ಎದೆಗವಚಿಕೊಂಡು, "ಗೊತ್ತಿದೆ ಮಾರಾಯ್ತಿ, ನಾನೇ ಹೇಳಿ ಬರೆಸಿದ್ದಲ್ವಾ," ಎಂದು ಮುಂದಿನ ಕಿಟಕಿಗೆ ಹೋದರು.

ಬೀದಿಯ ಕೊನೆಯ ಸೈಟು ಈಗಲೂ ಖಾಲಿಯೇ ಇದೆ. ಬೀದಿಯವರು ಕಾರು ನಿಲ್ಲಿಸಿಕೊಳ್ಳುತ್ತಾರೆ. ನಮ್ಮ ಕಾರೂ ಅಲ್ಲೇ ಇರುತ್ತದೆ, ಕೆಳಗಿನ ರೂಮು ಬರಬೇಕಿದ್ದ ಜಾಗದಲ್ಲಿ.