ಚಿಮ್ಮದ ಕಾರಂಜಿಗೆ ಸದ್ದು

ಸದ್ದಕ್ಕನಿಗೆ ಸಿಟ್ಟು ಬಂದರೆ ಮೊದಲು ಕೆಂಪಾಗುವುದು ಮೂಗಿನ ತುದಿ. ಅವತ್ತು ರೇಡಿಯೋ ನಿಲಯದ ಬಾಗಿಲು ದಾಟುವಷ್ಟರಲ್ಲೇ ಅದು ಕೆಂಡವಾಗಿತ್ತು.

ರೇಡಿಯೋ ನಾಟಕದಲ್ಲಿ ಮಾತು ಬಿಟ್ಟು ಮಿಕ್ಕ ಸದ್ದೆಲ್ಲ ಅವಳ ಕೈಚಳಕ. ಚಾಕೊಲೇಟ್ ಸುತ್ತಿದ ಹಾಳೆ ಮುದುರಿ ಊರಿಗೇ ಬೆಂಕಿ ಹಚ್ಚುತ್ತಿದ್ದಳು, ಕೊಡೆಯನ್ನು ಪಟಪಟ ಬಿಚ್ಚಿ ಮುಚ್ಚಿ ಪಾರಿವಾಳ ಹಾರಿಸುತ್ತಿದ್ದಳು. ಅವಳು ಕ್ಯಾರೆಟ್ ಮುರಿದರೆ ಕೇಳುವವರು ತಮ್ಮ ಮೊಣಕಾಲು ಮುಟ್ಟಿ ನೋಡಿಕೊಳ್ಳುತ್ತಿದ್ದರು. ಅಂಥವಳ ನಾಟಕ ವಿಭಾಗಕ್ಕೆ ಎರಡು ವರ್ಷದಿಂದ ಒಂದು ಹೊಸ ಮೈಕಿಲ್ಲ. ಕೇಳಿದಾಗೆಲ್ಲ ನಿಲಯದ ದೊಡ್ಡಸಾಹೇಬರದು ಒಂದೇ ರಾಗ: "ದುಡ್ಡೆಲ್ಲಿದೆಯಮ್ಮ?"

ದುಡ್ಡು ಎಲ್ಲಿದೆ ಅಂತ ಈಗ ಕಣ್ಣಿಗೇ ಕಾಣುತ್ತಿತ್ತು. ಮುಂದಿನ ಅಂಗಳದ ನಟ್ಟನಡುವೆ ಹಡಗಿನಲ್ಲಿ ತರಿಸಿದ ಕಲ್ಲಿನ ಕಾರಂಜಿ! ರೇಡಿಯೋ ಶುಲ್ಕ ಅಂತ ಮನೆಮನೆಯ ಕರೆಂಟ್ ಬಿಲ್ಲಿಗೆ ಸೇರಿಸಿ ವಸೂಲಿ ಮಾಡಿದ ಜನರ ದುಡ್ಡು ಅದು. ರೇಡಿಯೋ ಕೇಳುವವರಿಗೆ ಕಾರಂಜಿ ಕಾಣುತ್ತದೆಯೇ?

ಅವತ್ತೇ ಅದರ ಉದ್ಘಾಟನೆ; ಮಂತ್ರಿಗಳು ಗುಂಡಿ ಒತ್ತುವುದು ರೇಡಿಯೋದಲ್ಲಿ ನೇರಪ್ರಸಾರ. ಅವರು ಬರುವುದಕ್ಕೆ ಸ್ವಲ್ಪ ಮುಂಚೆ ಪಂಪು ಎರಡು ಸಲ ಕೆಮ್ಮಿ, ಒಂದು ಬೊಗಸೆ ನೀರು ಉಗುಳಿ ಕಣ್ಮುಚ್ಚಿತು. ದೊಡ್ಡಸಾಹೇಬರು ಏದುಸಿರು ಬಿಡುತ್ತಾ ಸ್ಟುಡಿಯೋಗೇ ಓಡಿಬಂದರು.

"ಸದ್ದಕ್ಕ, ನೀನೇ ಮರ್ಯಾದೆ ಉಳಿಸ್ಬೇಕು. ಒಂಚೂರು ಜುಳುಜುಳು ಅನ್ಸಿಬಿಡು."

"ಅಲ್ಲಿ ನಿಂತಿರೋರಿಗೆ ಕಣ್ಣಿಲ್ವಾ ಸಾರ್?"

"ಅಲ್ಲಿರೋರು ನಮ್ಮವ್ರೇ, ನಕ್ಕೊಂಡು ಚಪ್ಪಾಳೆ ತಟ್ತಾರೆ. ಮನೇಲಿ ಕೇಳೋರಿಗೆ ನೀರು ಬಿದ್ರೆ ಸಾಕು."

"ನಮ್ಮ ನಾಟಕ ನಿಲ್ಲಿಸ್ತೀರಂತೆ?"

"ಯಾರು ಹೇಳಿದ್ದು? ನಾನಿಲ್ವಾ? ಇದೊಂದು ಮಾಡ್ಕೊಡು ತಾಯಿ, ನಾಟಕದ ತಂಟೆಗೆ ಬರೋಕೆ ಯಾರನ್ನೂ ಬಿಡಲ್ಲ."

ಸದ್ದಕ್ಕ ಹಲ್ಲು ಕಚ್ಚಿ ಬೇಸಿನ್‌ಗೆ ನೀರು ತುಂಬಿದಳು. ಸುಳ್ಳು ನೀರೇ ಸರಿ, ನಾಟಕ ಉಳಿದರೆ ಸಾಕು. ಅದನ್ನೇ ನಂಬಿಕೊಂಡ ಮುದಿ ನಟರು, ಹಾರ್ಮೋನಿಯಂ ತಾತ, ಎಲ್ಲರೂ ಕಣ್ಮುಂದೆ ಬಂದರು. ಕಿವಿಗೆ ಹೆಡ್‌ಫೋನ್ ಏರಿಸಿ, ನೀರಲ್ಲಿ ಕೈ ಅದ್ದಿ ಕಾದಳು.

ಹೊರಗೆ ದೊಡ್ಡಸಾಹೇಬರ ಭಾಷಣ. ಯಾವತ್ತೋ ಟೈಪ್ ಮಾಡಿಸಿಟ್ಟದ್ದನ್ನು ಪುಣ್ಯಾತ್ಮ ಒಂದಕ್ಷರ ಬಿಡದೆ ಓದಿಕೊಂಡು ಹೋದರು: "...ನಾಟಕದಂಥ ದಂಡದ ಖರ್ಚುಗಳನ್ನು ಈ ವಾರದಿಂದಲೇ ನಿಲ್ಲಿಸಿದ್ದೇವೆ. ಉಳಿತಾಯದ ಫಲವೇ ಈ ಸುಂದರ ಕಾರಂಜಿ!"

ಚಟಪಟ ಚಪ್ಪಾಳೆ.

ಸದ್ದಕ್ಕನ ಕೈ ನೀರಿನಲ್ಲೇ ಕಲ್ಲಾಯಿತು. ಈಗಷ್ಟೇ ತಾಯಿ ಅಂದ ಬಾಯಿ! ನಿಧಾನಕ್ಕೆ ಕೈ ಮೇಲೆತ್ತಿ ಟವೆಲ್ಲಿಗೆ ಒರೆಸಿಕೊಂಡಳು, ಬೆರಳು ಬೆರಳಿನ ಸಂದಿಯೂ ಬಿಡದೆ, ಒಂದು ಹನಿಯೂ ತೊಟ್ಟಿಕ್ಕದಂತೆ.

"ಮಂತ್ರಿಗಳು ಗುಂಡಿ ಒತ್ತಿದರು! ಆಲಿಸಿ ಕೇಳುಗರೇ," ನಿರೂಪಕಿ ಜೇನು ಸುರಿಸಿದಳು, "ಆಹಾ, ಈ ಜುಳುಜುಳು ನಾದ!"

ಏನೂ ಇಲ್ಲ. ಸ್ಮಶಾನ ಮೌನ. ರೇಡಿಯೋದವರಿಗೆ ಮೌನಕ್ಕಿಂತ ದೊಡ್ಡ ಅಪಘಾತ ಇನ್ನೊಂದಿಲ್ಲ. ಮನೆಗಳಲ್ಲಿ ಜನ ಸೆಟ್ಟು ಕೆಟ್ಟಿತೆಂದು ಅದರ ತಲೆಮೇಲೆ ತಟ್ಟುತ್ತಿರುವಾಗ, ಮೈಕಿನ ಪಕ್ಕದಲ್ಲೇ ನಿಂತಿದ್ದ ಮಂತ್ರಿಗಳ ದನಿ ಸ್ಪಷ್ಟವಾಗಿ ಕೇಳಿಸಿತು:

"ಇದೇನ್ರೀ, ಇಷ್ಟು ದುಡ್ಡು ಸುರಿದು ನೀರೇ ಬರ್ತಿಲ್ವಲ್ಲ?"

ದೊಡ್ಡಸಾಹೇಬರು ಸ್ಟುಡಿಯೋ ಬಾಗಿಲು ಒದ್ದುಕೊಂಡು ಬಂದರು. "ಏನ್ ಮಾಡ್ದೆ ನೀನು!"

"ಏನೂ ಮಾಡ್ಲಿಲ್ಲ ಸಾರ್. ದಂಡದ ಖರ್ಚು ಅಂದ್ರಲ್ಲ, ನಿಲ್ಲಿಸ್ದೆ."

"ಎದ್ದು ಆಚೆ ನಡಿ!"

ನಡೆದಳು. ಅಂಗಳದಲ್ಲಿ ಹಾರ ಹಾಕಿಸಿಕೊಂಡು ಒಣಗಿ ನಿಂತಿದ್ದ ಕಲ್ಲನ್ನು ಸುತ್ತಿ ಹೋಗಬೇಕಿತ್ತು. ಸುತ್ತುವಾಗ ಒಬ್ಬರಾದರೂ ಕತ್ತೆತ್ತಿ ಅವಳ ಮುಖ ನೋಡಲಿಲ್ಲ.

ಮನೆಯಲ್ಲಿ ಅಮ್ಮ ರೇಡಿಯೋ ಮುಂದೆಯೇ ಕೂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

"ಕೆಲ್ಸ ಹೋಯ್ತೇನೇ?"

"ಅವ್ರು ಭಾಷಣ ಬರೆದಾಗ್ಲೇ ಹೋಗಿತ್ತಮ್ಮ. ನಂಗೆ ಇವತ್ತು ಗೊತ್ತಾಯ್ತು."

"ಹಂಗಾದ್ರೆ ನಾವಿನ್ನು ನಾಟಕದ ಟೈಮಲ್ಲಿ ಏನ್ ಕೇಳೋದು?"

"ಭಾಷಣ," ಎಂದು ಚಪ್ಪಲಿಯನ್ನು ಮೂಲೆಗೆ ಎಸೆದಳು ಸದ್ದಕ್ಕ. "ಅದಕ್ಕೆ ಬೇಕಾದಷ್ಟು ದುಡ್ಡಿದೆ."